ಹಿತ್ತಲ ಜಾಲಿಬುಡದ ಸಂಶಯಗಳು

ನಮ್ಮ ನವಲಗುಂದ ಸೀಮೆಯಲ್ಲಿ ಯಾರಾದರೂ ತಮ್ಮ ಹಿತ್ತಲಲ್ಲಿ ಗುದ್ದಲಿ ಎತ್ತಿದರೆ ಸಾಕು, ಓಣಿಗೆಲ್ಲ ಸಂಶಯ ಹತ್ತುತ್ತದೆ. ಬಿ.ಎ. ಓದಿದ ಸೊಸೆ ಎತ್ತಿಸಿದರಂತೂ ಮುಗಿದೇ ಹೋಯಿತು. ಎಪ್ಪತ್ತರ ದಶಕದಲ್ಲಿ ಒಂದು ಜಾಲಿ ಮರದ ಬುಡ ಕೀಳಿಸಲು ನಾನು ಪಟ್ಟ ಪಾಡನ್ನು ಆಗಲೇ ಬರೆದಿಟ್ಟಿದ್ದೆ. ಆದ್ದರಿಂದ ಇದಕ್ಕೆ ಉಪ್ಪು-ಖಾರ ಹಚ್ಚುವ ಅಗತ್ಯ ಬಿದ್ದಿಲ್ಲ.

ಎಡೆಯ ರೊಟ್ಟಿ

ಒಲೆಯ ಹೊಗೆಗೆ ನನ್ನ ಕಣ್ಣು ಸದಾ ಕೆಂಪು. ಗೋಬರ್ ಗ್ಯಾಸ್ ಹಾಕಿಸಬೇಕೆಂದು ಹಟ ಹಿಡಿದೆ. ಗ್ರಾಮಸೇವಕರು ಬಂದು ದನದ ಕೊಟ್ಟಿಗೆಗೂ ಅಡುಗೆಮನೆಗೂ ನಡುವೆ ಗುಂಡಿಗೆ ಜಾಗ ತೋರಿಸಿದರು. ಸರಿಯಾಗಿ ಅಲ್ಲೇ, ಹಿಂದೆ ಕಡಿಸಿದ ಜಾಲಿಯ ಬುಡ ಕೂತಿತ್ತು. ಅಮಾವಾಸ್ಯೆ ಕಳೆದು ತಾನು ಬರುವಷ್ಟರಲ್ಲಿ ಜಾಗ ಬಯಲಾಗದಿದ್ದರೆ ಯರಗುಪ್ಪಿಯ ಕೆಲಸಕ್ಕೆ ಹೋಗಿಬಿಡುವುದಾಗಿ ಗುಂಡಿ ಕಟ್ಟುವ ಗೌಂಡಿ ಹೇಳಿದ್ದ.

ಅತ್ತೆಯವರಿಗೆ ಗ್ಯಾಸಿನ ಮೇಲೆ ನಂಬಿಕೆ ಇರಲಿಲ್ಲ. "ಸಗಣ್ಯಾಗಿಂದ ಬಂದ ಬೆಂಕಿ ಮ್ಯಾಲ ಮಾಡಿದ ರೊಟ್ಟಿ ದೇವರಿಗೆ ಎಡಿ ಹೆಂಗ ಹಿಡಿಯೂದು?" ಎಂದರು.

"ಮತ್ತ ಇಷ್ಟು ದಿನಾ ಒಲಿಗೆ ಹಾಕಿದ್ದು ಕುಳ್ಳ ಅಲ್ಲೇನ್ರಿ ಅತ್ತಿ? ಅದೂ ಸಗಣೀದ ಅಲ್ಲೇನ್ರಿ?"

ಅತ್ತೆ, "ಅದು ನಾ ತಟ್ಟಿದ್ದು" ಎಂದರು.

ಗೋಡೆಯ ಮೇಲಿನ ಕಾಕಾ

ಆಳುಗಳು ಹಾರೆ ಹಾಕಿದ ದಿನವೇ ನೆರೆಮನೆಯ ಕಾಕಾ ನಡುಗೋಡೆ ಏರಿ ಕೂತರು. ಬುಡದ ಕೆಳಗೆ ಹಿರಿಯರು ಬಂಗಾರ ಹೂತಿದ್ದಾರೆಂದು ಅವರ ಗಟ್ಟಿ ನಂಬಿಕೆ.

"ಏನರ ಹತ್ತಿತೇನವಾ?"

"ಕಲ್ಲು ಹತ್ಯಾವ್ರಿ ಕಾಕಾ."

"ಕಲ್ಲಿನ ಕೆಳಗ?"

"ಮಣ್ಣು."

"ಮಣ್ಣಿನ ಕೆಳಗ?"

ಊಟಕ್ಕೆ ಹೋಗುವಾಗ ತಮ್ಮ ಜಾಗದಲ್ಲಿ ಹೆಂಡತಿ ಕಾಕೂವನ್ನು ಕೂಡಿಸಿ ಹೋದರು. ಮರುದಿನ ಹೊಸ ತಕರಾರು ತಂದರು: "ನೋಡವಾ, ಜಾಲಿ ಬೇರು ನಮ್ಮ ಹಿತ್ತಲಕ್ಕೂ ಬಂದಾವು. ಕೆಳಗ ಸಿಕ್ಕದ್ದರಾಗ ನಮಗೂ ಅರ್ಧಾ ಪಾಲು ಐತಿ."

"ಆತ್ರಿ. ಹಂಗಾರ ಅರ್ಧಾ ಬುಡಾ ನೀವ ಅಗೀರಿ" ಎಂದು ಗುದ್ದಲಿ ಮುಂದೆ ಹಿಡಿದೆ.

ಅಲ್ಲೇ ಗೋಡೆಯ ಮೇಲೆಯೇ ಅವರಿಗೆ ಸೊಂಟ ಹಿಡಿಯಿತು.

ಆರದ ಕೆಂಡ

ಹಾರೆ ಬಾಗಿತು, ಬುಡ ಅಲುಗಲಿಲ್ಲ. ಕೊನೆಗೆ ಸುತ್ತ ಕುಳ್ಳು ಒಟ್ಟಿ ಬೆಂಕಿ ಹಚ್ಚಿಸಿದೆ. ಜಾಲಿಯ ಕೆಂಡ ಗಟ್ಟಿ. ಹೊತ್ತೇರಿದ ಮೇಲೆ ಓಣಿಯ ಹೆಂಗಸರು ಒಲೆ ಹೊತ್ತಿಸಲು ನಮ್ಮಲ್ಲಿಂದಲೇ ಕೆಂಡ ಒಯ್ಯತೊಡಗಿದರು. ಬುಡ ಮಾತ್ರ ಸವೆಯಲೇ ಇಲ್ಲ. ನೋಡಿದರೆ ದಿನಾ ನಸುಕಿನಲ್ಲಿ ಯಾರೋ ಕೆಂಡಕ್ಕೆ ಅಚ್ಚುಕಟ್ಟಾಗಿ ಬೂದಿ ಮುಚ್ಚಿರುತ್ತಿದ್ದರು. ಬೂದಿ ಮುಚ್ಚಿದರೆ ಕೆಂಡ ಉಳಿಯುತ್ತದೆ, ಕಟ್ಟಿಗೆ ಉರಿಯುವುದಿಲ್ಲ. ಅಮಾವಾಸ್ಯೆ ಹತ್ತಿರ ಬಂದಿತ್ತು.

ಕಾಕಾನ ಸೊಂಟ ಹಿಡಿದಿತ್ತು. ಹೆಂಗಸರು ಬರುವುದು ಬಿಸಿಲು ಬಿದ್ದ ಮೇಲೆ. ಉಳಿದವರು ಅತ್ತೆ. ಒಂದು ನಸುಕಿನಲ್ಲಿ ಹಾಲಿನ ಚರಿಗೆ ಹಿಡಿದು ಕೊಟ್ಟಿಗೆಯ ಮರೆಯಲ್ಲಿ ನಿಂತೆ. ಅತ್ತೆ ಹೊರಗೆ ಬಂದರು. ಸಿಕ್ಕರು ಎಂದುಕೊಂಡೆ. ಅವರು ನೇರ ನನ್ನ ಪಕ್ಕಕ್ಕೇ ಬಂದು, "ಯಾರನ್ನ ಕಾಯಾಕ ಹತ್ತಿ?" ಎಂದರು.

ಅಷ್ಟರಲ್ಲಿ ಹಿಂಬಾಗಿಲು ಕಿರ್ ಎಂದಿತು. ನಮ್ಮ ಯಜಮಾನರು! ಹೋದ ತಿಂಗಳಷ್ಟೇ ಯಮನೂರಿನ ದರ್ಗಾದಲ್ಲಿ ಹರಕೆಯ ಸಕ್ಕರೆ ಓದಿಸಿ, ಬೀಡಿ ಬಿಟ್ಟೆನೆಂದು ಆಣೆ ಮಾಡಿ ಬಂದಿದ್ದ ಮನುಷ್ಯ. ಮನೆಯ ಕಡ್ಡಿಪೆಟ್ಟಿಗೆಗಳೆಲ್ಲ ನನ್ನ ಕೀಲಿಯೊಳಗೆ ಇದ್ದವು. ಅವರು ಬುಡದ ಮುಂದೆ ಮೊಣಕಾಲೂರಿ, ಬೂದಿ ಸರಿಸಿ, ಪೂಜೆಗೆ ಬಾಗಿದಂತೆ ಬಾಗಿ ಬೀಡಿ ಹೊತ್ತಿಸಿದರು. ಜೋರಾಗಿ ಒಂದು ದಮ್ಮು ಎಳೆದು, ಮತ್ತೆ ಜೋಪಾನವಾಗಿ ಬೂದಿ ಮುಚ್ಚಿದರು.

"ಏನ ಮಾಡಾಕ ಹತ್ತೀರಿ?" ಎಂದೆ.

ಬೀಡಿ ಬೆನ್ನ ಹಿಂದೆ ಹೋಯಿತು. "ಬುಡಾ... ಇನ್ನೂ ಹೊಗಿ ಆಡ್ತೈತೇನಂತ... ನೋಡಾಕ ಬಂದಿದ್ದೆ." ಒಂದೊಂದು ಮಾತಿಗೂ ಮೂಗಿನಿಂದ ಹೊಗೆ ಬರುತ್ತಿತ್ತು.

ಆ ದಿನ ಅವರೇ ಗಾಳಿ ಹಾಕಿ ಬುಡ ಉರಿಸಿದರು. ಮರುದಿನ ಸರಪಳಿ ಬಿಗಿದು, ಎತ್ತು ಹೂಡಿ, ತಾವೂ ಹೆಗಲು ಕೊಟ್ಟು ಎಳೆದರು. ಅಮಾವಾಸ್ಯೆಗೆ ಮುಂಚೆಯೇ ಜಾಗ ಬಯಲಾಯಿತು.

ನಾನು ಅತ್ತೆಯವರಿಗೆ, "ನಿಮ್ಮ ಮ್ಯಾಲ ಸಂಶೇ ಪಟ್ಟಿದ್ದೆ ನೋಡ್ರಿ" ಎಂದೆ.

ಬೆವರು ಸುರಿಸುತ್ತ ನಿಂತ ಮಗನನ್ನು ಮೇಲಿಂದ ಕೆಳಗೆ ನೋಡಿ ಅತ್ತೆ ಹೇಳಿದರು: "ನಿನ್ನ ಸಂಶೇ ಪೂರಾ ಸುಳ್ಳಲ್ಲ ತಂಗಿ. ಇವನ್ನ ಹಡದಾಕಿ ನಾನ ಅಲ್ಲೇನು?"