ಹಡಗಿನವರಿಗೆ ಕಡುಬು

ಊಟದ ವಿಷಯದಲ್ಲಿ ನನ್ನಷ್ಟು ತಿಳಿದವರು ಇಡೀ ಮೂಡಿಗೆರೆ ತಾಲ್ಲೂಕಿನಲ್ಲಿ ಇಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಅಡುಗೆ ಮಾಡಲು ಬರುವುದಿಲ್ಲ, ಅದು ಬೇರೆ ಮಾತು. ಸಂಗೀತ ಬಲ್ಲವರೆಲ್ಲ ಹಾಡಲೇಬೇಕೆಂದೇನಿದೆ? ಕಡುಬಿಗೆ ಅಕ್ಕಿಯ ತರಿ ಎಷ್ಟು ದಪ್ಪಗಿರಬೇಕು, ಅಕ್ಕಿರೊಟ್ಟಿಯನ್ನು ಯಾವಾಗ ಕೆಂಡಕ್ಕೆ ಒಡ್ಡಬೇಕು, ಕೋಳಿಸಾರಿಗೆ ಕಾಳುಮೆಣಸು ಯಾವ ಹೊತ್ತಿಗೆ ಬೀಳಬೇಕು ಎಂದು ನಾನು ಮದುವೆಮನೆಗಳಲ್ಲಿ ಗಂಟೆಗಟ್ಟಲೆ ಮಾತಾಡಿದ್ದೇನೆ. ಜನ ಕೇಳುತ್ತಾರೆ. ಎಲೆ ಹಾಕಿದ ಕೂಡಲೇ ಮಾತಿನ ಮಧ್ಯದಲ್ಲೇ ಎದ್ದುಹೋಗುತ್ತಾರೆ.

ಈ ಜ್ಞಾನಕ್ಕೆ ಪರೀಕ್ಷೆ ಬಂದದ್ದು ಹೋಂಸ್ಟೇ ಎನ್ನುವುದು ನಮ್ಮ ಕಡೆ ಇನ್ನೂ ಹೊಸದಾಗಿದ್ದ ಕಾಲದಲ್ಲಿ. ಕಾಫಿ ರೇಟು ನೆಲಕಚ್ಚಿತ್ತು. ಎಲ್ಲರೂ ಬೇರೆ ದಾರಿ ಹುಡುಕುತ್ತಿದ್ದರು. ನಾನೂ ಪಕ್ಕದ ಕೋಣೆಗಳಿಗೆ ಸುಣ್ಣ ಬಳಿಸಿ, ಗೇಟಿಗೊಂದು ಬೋರ್ಡು ನೇತುಹಾಕಿ ಕಾಯುತ್ತ ಕೂತೆ. ಬೋರ್ಡು ನೋಡಿ ಒಳಗೆ ಬಂದವರು ವಿಮೆ ಏಜೆಂಟರು ಮಾತ್ರ. ಅಷ್ಟರಲ್ಲಿ ಮಂಗಳೂರಿನಿಂದ ನನ್ನ ಭಾಮೈದ ರಮೇಶನ ಫೋನು ಬಂತು. ಹೊರದೇಶದ ಪ್ರವಾಸಿ ಹಡಗು ಬಂದರಿಗೆ ಬಂದಾಗ, ಇಳಿದವರನ್ನು ಕಾರಿನಲ್ಲಿ ಸುತ್ತಾಡಿಸಿ, ಹಡಗು ಹೊರಡುವುದರೊಳಗೆ ವಾಪಸು ಮುಟ್ಟಿಸುವುದು ಅವನ ಕೆಲಸ.

"ಭಾವ, ಇಂಗ್ಲೆಂಡಿನೋರು ಒಂದು ಜೋಡಿ ಬರ್ತಾ ಇದಾರೆ, ವಯಸ್ಸಾದವ್ರು. ಹೋಟೆಲ್ ಊಟ ಬೇಡ್ವಂತೆ. ಊರಿನೋರು ಮನೇಲಿ ಏನು ತಿಂತಾರೋ ಅದೇ ಬೇಕಂತೆ. ಇವ್ರಿಗೆ ಖುಷಿಯಾದ್ರೆ ಹಡಗು ಬಂದಾಗೆಲ್ಲ ನಿಮ್ಮನೆಗೇ ಜನ ಕಳಿಸ್ತೀನಿ. ಕೆಟ್ಟೋದ್ರೆ ನನ್ನ ಕೆಲಸಕ್ಕೂ ಸಂಚಕಾರ."

"ಸರಿಯಾದ ಮನೆಗೇ ಫೋನು ಮಾಡಿದೀಯ, ಮಾರಾಯ" ಎಂದೆ.

ಕೂಡಲೇ ನನ್ನ ಹೆಂಡತಿ ವಿಮಲಳನ್ನು ಕರೆದು, ಕಡುಬು, ನಾಟಿಕೋಳಿ ಸಾರು, ಒಂದೆಲಗದ ತಂಬುಳಿ, ಮಿಡಿ ಉಪ್ಪಿನಕಾಯಿ ಎಂದು ಬಾಯಲ್ಲಿ ನೀರೂರಿಸಿಕೊಂಡು ಹೇಳಿದೆ. "ಆಯ್ತು ರೀ" ಎಂದಳು. ನಮ್ಮ ಮನೆಯಲ್ಲಿ ಹಾಗೆಂದರೆ ಹೇಳಿದ್ದು ಕಿವಿಗೆ ಬಿದ್ದಿದೆ ಎಂದಷ್ಟೇ ಅರ್ಥ. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಅದು ಆಗಲೇ ಹೊಳೆಯಬೇಕಿತ್ತು.

ಗೊತ್ತುಮಾಡಿದ ದಿನ ದೊರೆ ಮತ್ತು ದೊರೆಸಾನಿ ಬಂದಿಳಿದರು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ದೊರೆಯ ಮುಖ ಬಿಳಿಚಿಕೊಂಡಿತ್ತು. ಮೊದಲೇ ಬಿಳಿಯ ಮನುಷ್ಯ, ಹಾಗಾಗಿ ನಾನು ಹೆಚ್ಚು ಗಮನಿಸಲಿಲ್ಲ. ಜಗಲಿಯಲ್ಲಿ ಕೂರಿಸಿ, ನಮ್ಮ ಊಟದ ಹಿರಿಮೆಯನ್ನು ನನ್ನ ಇಂಗ್ಲಿಷಿನಲ್ಲಿ ಸವಿಸ್ತಾರವಾಗಿ ವಿವರಿಸಿದೆ. ಅವರ ಹಸಿವು ಚೆನ್ನಾಗಿ ಕೆರಳಿದ ಮೇಲೆ ಊಟದ ಮೇಜಿಗೆ ಕರೆದೊಯ್ದೆ. ಮೇಜಿನ ಮೇಲೆ ಬಿಳಿ ಬಟ್ಟೆ, ಚಮಚ, ಟೊಮೆಟೊ ಸೂಪು, ಬೇಕರಿ ಬ್ರೆಡ್ಡು, ಕಟ್ಲೆಟ್ಟು, ಮಧ್ಯದಲ್ಲಿ ಚೆರ್ರಿಹಣ್ಣು ಕೂರಿಸಿದ ಕಸ್ಟರ್ಡು!

ವಿಮಲಳನ್ನು ಬಾಗಿಲ ಹಿಂದೆ ಕರೆದು, "ಏನೇ ಇದು?" ಎಂದು ಹಲ್ಲು ಕಡಿದೆ.

"ಬಂದ ನೆಂಟರಿಗೆ ದಿನಾ ತಿನ್ನೋ ಕಡುಬು ಹಾಕಕ್ಕಾಗುತ್ತೇನ್ರಿ? ಮರ್ಯಾದೆ ಗೊತ್ತಿಲ್ಲದ ಜನ ಅಂತ ಹಡಗು ತುಂಬಾ ಹೇಳ್ಕೊಂಡು ತಿರುಗ್ತಾರೆ."

ಅವಳದೊಬ್ಬಳದೇ ತಪ್ಪಲ್ಲ. ನಮ್ಮ ಕಡೆ ನೆಂಟರು ಒಳಗೆ ಬಂದರೆ ಮನೆಯ ಊಟ ಹಿತ್ತಲ ಕಡೆ ಹೋಗುತ್ತದೆ. ಹೊಸ ಅಳಿಯನಾಗಿ ಮೊದಲ ಸಲ ಅತ್ತೆಮನೆಗೆ ಹೋದಾಗ ನನಗೆ ಮೂರು ಹೊತ್ತೂ ಪೂರಿ, ಸಾಗು. ಒಳಗೆ ಉಳಿದವರೆಲ್ಲ ಏಡಿಸಾರು ಚೀಪುತ್ತಿದ್ದ ಸದ್ದು ಕೇಳುತ್ತಿತ್ತು. ಆ ಸಂಕಟ ಇವತ್ತಿಗೂ ಹೋಗಿಲ್ಲ.

ದೊರೆಸಾನಿ ಒಂದು ಚಮಚ ಸೂಪು ಕುಡಿದು, "ಹಡಗಿನಲ್ಲೂ ದಿನಾ ಇದೇ" ಎಂದು ಗಂಡನಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ರಮೇಶನ ಮುಖ ನೋಡಲಾಗಲಿಲ್ಲ. ಆದರೆ ಧೈರ್ಯಗೆಡುವ ಆಸಾಮಿ ನಾನಲ್ಲ. "ಇದು ಬರೀ ಪೀಠಿಕೆ, ಊಟ ಮೇಲಿನ ಮನೆಯಲ್ಲಿ" ಎಂದು ಎಲ್ಲರನ್ನೂ ಎಬ್ಬಿಸಿ ದೊಡ್ಡಮ್ಮನ ಮನೆಗೆ ಹೊರಡಿಸಿದೆ. ನಮ್ಮ ದೊಡ್ಡಮ್ಮನ ಕಡುಬು ಕಳಸದವರೆಗೂ ಹೆಸರುವಾಸಿ.

ದೊಡ್ಡಮ್ಮ ಬಿಳಿಯರನ್ನು ನೋಡಿ ಕಂಗಾಲಾದರು. "ಅಯ್ಯೋ, ಒಂದು ಮಾತು ಹೇಳಿ ಕಳಿಸೋದಲ್ವೇನೋ? ಮನೇಲಿ ಕಡುಬು ಬಿಟ್ರೆ ಏನೂ ಇಲ್ಲ!"

"ಅದನ್ನೇ ಕೊಡಿ ದೊಡ್ಡಮ್ಮ, ಅದಕ್ಕೇ ಬಂದಿರೋದು."

"ಥೂ, ಅಷ್ಟು ದೂರದಿಂದ ಬಂದೋರಿಗೆ ಕಡುಬು ಕೊಡೋ ಗತಿ ನಂಗಿನ್ನೂ ಬಂದಿಲ್ಲ, ಸುಮ್ನಿರು" ಎಂದು ಒಳಗೆ ಹೋದವರು ಗಾಜಿನ ಬಟ್ಟಲಲ್ಲಿ ನೂಡಲ್ಸ್ ತಂದಿಟ್ಟರು.

ವಾಪಸು ಮನೆಗೆ ಬರುವಾಗ ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ ಎಂದರೆ ಪರಿಸ್ಥಿತಿ ನಿಮಗೆ ಅರ್ಥವಾಗಬೇಕು. ಈಗ ಹೊರಡದಿದ್ದರೆ ಹಡಗು ತಪ್ಪುತ್ತದೆ ಎಂದು ರಮೇಶ ಅವಸರಪಡಿಸಿದ. ದೊರೆಸಾನಿ ಕೈತೊಳೆದು ಬರುತ್ತೇನೆಂದು ಹಿತ್ತಲಿಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಅವರನ್ನು ಹುಡುಕಲು ದೊರೆ ಹೋದರು, ಅವರೂ ಬರಲಿಲ್ಲ. ಇಬ್ಬರನ್ನೂ ಕರೆತರುತ್ತೇನೆಂದು ಹೋದ ರಮೇಶನದೂ ಪತ್ತೆಯಿಲ್ಲ. ಕೊನೆಗೆ ನಾನೇ ಎದ್ದು ಹೋಗಿ ನೋಡಿದರೆ, ಮೂವರೂ ಅಡುಗೆಮನೆಯ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತು ಕಡುಬನ್ನು ಕೋಳಿಸಾರಿನಲ್ಲಿ ಮುರಿದು ತಿನ್ನುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ವಿಮಲ ಮಾಡಿಯೇ ಇದ್ದಳು, ಮನೆಯವರಿಗೆಂದು!

"ಕೈ ತೊಳೆಯಕ್ಕೆ ಬಂದೋರು ವಾಸನೆ ಹಿಡ್ಕೊಂಡು ಒಳಗೇ ಬಂದ್ಬಿಟ್ರು ಕಣ್ರಿ. ಮುಚ್ಚಳ ಅವ್ರೇ ತೆಗೆದ್ರು. ನಾನೇನ್ ಮಾಡ್ಲಿ?" ಎಂದಳು ವಿಮಲ, ನಾಚಿಕೆಯಿಂದ. ದೊರೆಸಾನಿಗೆ ಖಾರಕ್ಕೆ ಮೂಗಿನಲ್ಲಿ ನೀರು ಸುರಿಯುತ್ತಿತ್ತು. ಅವರು ಸೆರಗಿಲ್ಲದ್ದಕ್ಕೆ ತೋಳಲ್ಲೇ ಒರೆಸಿಕೊಂಡು ಇನ್ನೊಂದು ಕಡುಬಿಗೆ ಕೈ ಚಾಚಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಕೂಡಲೇ ಅಕ್ಕಿ ತರಿಯ ವಿಚಾರ ಎತ್ತಿಕೊಂಡೆ. ದೊರೆ ಎಡಗೈ ಎತ್ತಿ ಬಹಳ ವಿನಯದಿಂದ ನನ್ನನ್ನು ತಡೆದು, ವಿಮಲಳ ಕಡೆ ತಟ್ಟೆ ಚಾಚಿದರು. ಪಾತ್ರೆಯ ತಳ ಕಂಡ ಮೇಲೆಯೇ ಕಾರು ಹೊರಟದ್ದು. ನಾನು ಒಬ್ಬನೇ ಮೇಜಿನ ಮುಂದೆ ಕೂತು ಆರಿದ ಸೂಪು ಕುಡಿದೆ.

ಹಡಗು ತಪ್ಪಲಿಲ್ಲ. ಕೆಲವು ದಿನ ಕಳೆದು ರಮೇಶ ಫೋನು ಮಾಡಿದ. "ಗೆದ್ವಿ ಭಾವ! ಮುಂದಿನ ಹಡಗಿಂದ ಎರಡು ಕಾರು ಜನ. ಅಕ್ಕನ ಅಡುಗೆಮನೇಲೇ ಊಟ ಬೇಕಂತೆ."

"ನನಗೆ ಮೊದಲೇ ಗೊತ್ತಿತ್ತು. ಈ ಸಲ ಕಡುಬಿನ ಬಗ್ಗೆ ಅವರಿಗೆ ಪೂರ್ತಿಯಾಗಿ ತಿಳಿಸಿಕೊಡ್ತೀನಿ" ಎಂದೆ.

ರಮೇಶ ಕೂಡಲೇ ಮಾತು ತಿರುಗಿಸಿ, "ಭಾವ, ಈಗ ಕಾಫಿ ಹಣ್ಣು ಕುಯ್ಲು ನಡೀತಿದೆಯಲ್ವಾ? ಅವತ್ತು ನೀವು ಬೆಳಿಗ್ಗೇನೇ ತೋಟಕ್ಕೆ ಹೋಗಿ ಸಂಜೆ ಬಂದ್ರೂ ಪರವಾಗಿಲ್ಲ" ಎಂದ.

ಹಡಗು ಬಂದಾಗಲೆಲ್ಲ ತೋಟಕ್ಕೆ ಹೋದೆ. ಸುಮ್ಮನೆ ನಿಲ್ಲುವುದೇಕೆಂದು ಹಣ್ಣು ಕುಯ್ಯುವವರಿಗೆ ಕಡುಬಿನ ವಿಷಯ ಹೇಳತೊಡಗಿದೆ. ನಾನು ಬಾಯಿ ತೆರೆದ ಕೂಡಲೇ ಅವರು ಸರಸರನೆ ಗಿಡ ಖಾಲಿ ಮಾಡಿ ಮುಂದಿನ ಸಾಲಿಗೆ ಹೋಗುತ್ತಿದ್ದರು. ಆ ವರ್ಷ ಊರಿಗೆಲ್ಲ ಮೊದಲು ಕುಯ್ಲು ಮುಗಿದದ್ದು ನಮ್ಮ ತೋಟದಲ್ಲೇ.