ಅತ್ತೆಯ ಒಡಪೂ ನನ್ನ ಲಿನಕ್ಸೂ

ನನ್ನ ಕಂಪ್ಯೂಟರಿನಲ್ಲಿ ಎಲ್ಲರಂತೆ ವಿಂಡೋಸ್ ಅಲ್ಲ, ಲಿನಕ್ಸ್ ಇದೆ. ಈ ಮಾತನ್ನು ಯಾರೂ ಕೇಳದಿದ್ದರೂ ನಾನು ಹೇಳುತ್ತೇನೆ. ನಾಸಿಕದ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ನನ್ನ ಜೊತೆ ಹತ್ತಿದವರಿಗೆಲ್ಲ ಇದು ಗೊತ್ತು. ವೈರಸ್ ಬರುವುದಿಲ್ಲ, ಎಲ್ಲವೂ ನಮ್ಮ ಹಿಡಿತದಲ್ಲೇ ಇರುತ್ತದೆ ಎಂದು ವಿವರಿಸುವಷ್ಟರಲ್ಲಿ ಅವರ ಮಹಡಿ ಬಂದಿರುತ್ತದೆ. ಕೆಲವರು ತಮ್ಮದಲ್ಲದ ಮಹಡಿಯಲ್ಲೂ ಇಳಿದುಹೋದದ್ದುಂಟು.

ಹೀಗಿರಲಾಗಿ, ಸಂಭಾಜಿನಗರದಲ್ಲಿರುವ ನನ್ನ ಮಾವ ಶಿವಶರಣಪ್ಪನವರ ಅರವತ್ತರ ಸಮಾರಂಭ ಗೊತ್ತಾಯಿತು. ಬೀದರದಿಂದ ಹೋಗಿ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಸೇವೆ ಮುಗಿಸಿದವರು. ಅವರಿಗೆ ಬದುಕಿನಲ್ಲಿ ಒಂದೇ ಕೊರಗು. ಹೆಂಡತಿಯಾದವಳು ಗಂಡನ ಹೆಸರನ್ನು ಒಡಪಿನಲ್ಲಿ ಕಟ್ಟಿ ಹೇಳಬೇಕೆಂಬ ಪದ್ಧತಿ ನಮ್ಮಲ್ಲಿದೆಯಷ್ಟೆ. ಮದುವೆಯ ದಿನ ನಮ್ಮ ಅತ್ತೆ ನಾಚಿ ಅತ್ತುಬಿಟ್ಟರಂತೆ. ಆಮೇಲೂ ಹೇಳಲಿಲ್ಲ. ನಾಲ್ಕು ಜನ ಕೂತಲ್ಲೆಲ್ಲ ಮಾವ, "ನನ್ನ ಹೆಸರು ಪೋಸ್ಟಮನ್‌ಗ ಗೊತ್ತದ, ಮನಿಯಾಕಿಗೇ ಗೊತ್ತಿಲ್ಲ ನೋಡ್ರಿ" ಎನ್ನುತ್ತಿದ್ದರು. ನಗುತ್ತಲೇ ಎನ್ನುತ್ತಿದ್ದರು, ಆದರೆ ಆಸೆ ಕಾಣುತ್ತಿತ್ತು.

ಅತ್ತೆಯಿಂದ ಒಡಪು ಹೇಳಿಸಿ, ವಿಡಿಯೊ ಮಾಡಿ, ಸಮಾರಂಭದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುವುದೆಂದು ನಾನು ನಿಶ್ಚಯಿಸಿದೆ. ಸಂಭಾಜಿನಗರಕ್ಕೆ ಹೋಗಿ ಕೇಳಿದೆ. ಅತ್ತೆ ಒಪ್ಪಿದರು, ಶರತ್ತಿನ ಮೇಲೆ. "ಬಾಗಿಲಾ ಹಾಕ್ರಿ. ಒಂದೇ ಸಲ ಹೇಳ್ತೀನಿ. ಆ ದಿನದ ತನಾ ಯಾರಿಗೂ ತೋರಿಸಬಾರದು, ನನ್ನ ಮಗಳಿಗೂ." ಬಾಗಿಲು ಹಾಕಿ ಮೊಬೈಲು ಹಿಡಿದೆ. ಕಿಟಕಿಯ ಬೆಳಕು ಅವರ ಮುಖದ ಮೇಲೆ ಸರಿಯಾಗಿ ಬೀಳುತ್ತಿದೆಯೇ, ಹಿಂದಿನ ಕ್ಯಾಲೆಂಡರು ಸೊಟ್ಟಗಿದೆಯೇ ಎಂದು ನೋಡುವುದರಲ್ಲೇ ಮುಳುಗಿದ್ದೆ. ಅವರು ಏನು ಹೇಳಿದರೆಂಬುದು ನನ್ನ ಕಿವಿಗೆ ಬೀಳಲಿಲ್ಲ. ಬೀಳಬೇಕಾದ ಅಗತ್ಯವೇನು? ರೆಕಾರ್ಡ್ ಆಗಿದೆಯಲ್ಲ!

ನಾಸಿಕಕ್ಕೆ ಬಂದು ವಿಡಿಯೊವನ್ನು ಕಂಪ್ಯೂಟರಿಗೆ ಸಾಗಿಸಿದೆ. ಜಾಗವಿಲ್ಲವೆಂದು ಮೊಬೈಲು ಗೋಳಾಡುತ್ತಿತ್ತು, ಅಲ್ಲಿಂದ ಅಳಿಸಿದೆ. ಬಂಗಾರದ ಅಕ್ಷರ, ಉದುರುವ ಹೂಪಕಳೆ ಎಲ್ಲ ಹಾಕಬೇಕೆಂದು ದೊಡ್ಡ ದೊಡ್ಡ ಸ್ಟುಡಿಯೋದವರು ಬಳಸುವ ಎಡಿಟಿಂಗ್ ತಂತ್ರಾಂಶವನ್ನೇ ಇಳಿಸಿಕೊಂಡೆ. ಅದು ತೆರೆಯಲೇ ಇಲ್ಲ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮನೆಗೆ ತಾನು ಕಾಲಿಡುವುದಿಲ್ಲವಂತೆ. ಮೂಗಿಗಿಂತ ಮೂಗುತಿ ಭಾರ ಎಂದುಕೊಳ್ಳುತ್ತ ಕಾರ್ಡ್ ತಂದು ಕೂರಿಸಿದೆ. ಕಾರ್ಡನ್ನು ನಡೆಸಲು ಡ್ರೈವರ್ ಎಂಬ ಇನ್ನೊಂದು ತಂತ್ರಾಂಶ ಬೇಕು. ಅದನ್ನೂ ಹಾಕಿದೆ. ಪರದೆ ಕಪ್ಪಾಯಿತು.

ಹೆಂಡತಿ ಮಹಾದೇವಿ ಚಹಾ ತಂದಳು. "ಏನ್ರಿ, ಲೈಟ್ ಹೋಗ್ಯಾವೇನು?"

"ಇಲ್ಲ. ಡ್ರೈವರ್ ಹಾಕೀನಿ."

"ತೆಗೀರಿ ಮತ್ತ."

ತೆಗೆಯುವುದಕ್ಕೂ ಪರದೆ ಕಾಣಬೇಕಲ್ಲ! ಈ ಸೂಕ್ಷ್ಮ ಅವಳಿಗೆ ಅರ್ಥವಾಗುವುದಿಲ್ಲ. ಪಕ್ಕದ ಮನೆಯ ದೇಶಮುಖ್ ಕಾಕಾ ಬಂದು ಕಪ್ಪು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಅಹೋ, ಮೊಬೈಲ್‌ವರಚ ಕರಾ ನಾ" ಎಂದರು. ಮೊಬೈಲಿನಲ್ಲೇ ಮಾಡಬೇಕಂತೆ! ಲಿನಕ್ಸ್ ಬಳಸುವವನಿಗೆ ಹೇಳುವ ಮಾತೇ ಇದು?

ಹಳೆಯ ಡ್ರೈವರ್ ಕಿತ್ತು, ಹೊಸದು ಹಾಕಿ, ಅದನ್ನೂ ಕಿತ್ತು, ಮತ್ತೆ ಹಳೆಯದನ್ನೇ ಹಾಕಿದ ಮೇಲೆ ತಂತ್ರಾಂಶ ಕಣ್ಣು ತೆರೆಯಿತು. ಅತ್ತೆಯ ವಿಡಿಯೊ ಅದರಲ್ಲಿ ಹಾಕಿದೆ. ಚಿತ್ರವೂ ಇಲ್ಲ, ಧ್ವನಿಯೂ ಇಲ್ಲ. ವಿಷಯ ಏನೆಂದರೆ, ಮೊಬೈಲು ಚಿತ್ರವನ್ನೂ ಧ್ವನಿಯನ್ನೂ ಸಣ್ಣಗೆ ಮಡಿಚಿ ಇಡುತ್ತದೆ. ಆ ಮಡಿಕೆ ಬಿಚ್ಚುವ ವಿದ್ಯೆಗೆ ಕೋಡೆಕ್ ಎಂದು ಹೆಸರು. ಅದೇ ತಂತ್ರಾಂಶ ಬೇರೆಯವರ ವಿಂಡೋಸಿನಲ್ಲಿ ಪುಕ್ಕಟೆ ಬಿಚ್ಚುತ್ತದೆ. ಲಿನಕ್ಸಿನಲ್ಲಿ ಬಿಚ್ಚುವುದಿಲ್ಲ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ.

ಅಂತರ್ಜಾಲದಲ್ಲಿ ಯಾವನೋ ಪುಣ್ಯಾತ್ಮ ವಿಡಿಯೊವನ್ನು ಬೇರೆ ಬಗೆಗೆ ಬದಲಿಸಲು ಕಂಪ್ಯೂಟರಿಗೆ ಕೊಡುವ ಒಂದು ಸಾಲಿನ ಮಂತ್ರ ಬರೆದಿಟ್ಟಿದ್ದ. ಹಾಗೆಯೇ ಎತ್ತಿ ಹಾಕಿದೆ. ಅದರ ನಡುವೆ ‘ಎಎನ್’ ಎಂಬ ಎರಡು ಅಕ್ಷರಗಳಿದ್ದವು. ಮಂತ್ರದಲ್ಲಿ ಬೀಜಾಕ್ಷರಗಳು ಇರುವುದೇ, ಯಾಕೆ ಕೇಳಬೇಕು! ಚಿತ್ರ ಬಂತು. ಅತ್ತೆ ದೇವತೆಯಂತೆ ಕಂಡರು. ಆದರೆ ಹೊಸ ಫೈಲು ಎಮ್ಮೆಯಂತೆ ಊದಿ ಡಿಸ್ಕ್ ತುಂಬಿಬಿಟ್ಟಿತು. ಹೂಪಕಳೆಗೆ ಜಾಗ ಬೇಕಲ್ಲ, ಮೂಲ ವಿಡಿಯೊ ಅಳಿಸಿದೆ.

ಹೆಡ್‌ಫೋನ್ ಹಾಕಿದೆ. ಸದ್ದಿಲ್ಲ.

"ಧ್ವನಿ ಬರ್ತದೇನ್ರಿ?" ಮಹಾದೇವಿ ಅಡಿಗೆಮನೆಯಿಂದಲೇ ಕೇಳಿದಳು.

"ಕಾರ್ಡ್ ಹಾಕಿದ ಮ್ಯಾಲ ಧ್ವನಿ ಪರದೆಯ ಕೇಬಲ್ಲಿಗೆ ಹೋಗ್ತದ. ನಮ್ಮ ಪರದೆಗೆ ಸ್ಪೀಕರಿಲ್ಲ. ಸಮಾರಂಭದ ಹಾಲ್‌ನಾಗ ತಾನೇ ಬರ್ತದ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕೇಬಲ್ ಡೊಂಕು ಎಂದೆ. ಹಾಗೆ ಹೇಳುವಾಗ ನನ್ನ ದನಿಯಲ್ಲಿದ್ದ ಗಾಂಭೀರ್ಯಕ್ಕೆ ನಾನೇ ತಲೆದೂಗಿದೆ.

ಸಮಾರಂಭಕ್ಕೆ ದೇಶಮುಖ್ ಕಾಕಾರ ಕಾರಿನಲ್ಲಿ ಹೊರಟೆವು. ಅಲ್ಲೇ ಹತ್ತಿರದ ಘೃಷ್ಣೇಶ್ವರ ಜ್ಯೋತಿರ್ಲಿಂಗದ ದರ್ಶನವೂ ಆಗುತ್ತದೆಂದು ಅವರೂ ಬಂದರು. ದಾರಿಯಲ್ಲಿ, ಪೈಠಣಿ ಸೀರೆಗೆ ಹೆಸರಾದ ಯೇವಲಾದಲ್ಲಿ ಮಹಾದೇವಿ, "ಇಳೀರಿ, ಅವ್ವಗ ಒಂದು ಪೈಠಣಿ ತಗೋಳೋಣು" ಎಂದಳು. ಪ್ರೊಜೆಕ್ಟರ್ ಜೋಡಿಸುವವನು ಸೀರೆ ಅಂಗಡಿಯಲ್ಲಿ ಕೂರಲಾದೀತೇ? ಯಾರನ್ನೂ ಇಳಿಯಲು ಬಿಡಲಿಲ್ಲ.

ಹಾಲ್ ತುಂಬಿತ್ತು. ಮಾವ ಶಾಲು ಹೊದ್ದು ಮುಂದಿನ ಕುರ್ಚಿಯಲ್ಲಿ, ಪಕ್ಕದಲ್ಲಿ ಅತ್ತೆ. ನಾನು ಮೈಕಿನಲ್ಲಿ, "ಮಾವನವರು ಬದುಕೆಲ್ಲ ಕಾಯ್ದ ಮಾತು ಈಗ ಕೇಳ್ತಾರ" ಎಂದು ಘೋಷಿಸಿ ವಿಡಿಯೊ ಬಿಟ್ಟೆ.

ಬಂಗಾರದ ಅಕ್ಷರ ಬಂತು. ಹೂವು ಉದುರಿತು. ಅತ್ತೆ ಬಾಯಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು. ಕೊನೆಯಲ್ಲಿ ನಾಚಿ ಸೆರಗು ಮುಖಕ್ಕೆ ಹಿಡಿದರು. ಮತ್ತೆ ಹೂವು ಉದುರಿತು.

ಹಾಲಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮಾವ ಪರದೆಯನ್ನೇ ನೋಡುತ್ತ, ಕಿವಿಗೆ ಕೈ ಹಚ್ಚಿ, ಮೆಲ್ಲಗೆ "ಏನಂದಿ?" ಎಂದರು. ಆ ಎರಡು ಬೀಜಾಕ್ಷರಗಳ ಅರ್ಥ ‘ಆಡಿಯೋ ಬೇಡ’ ಎಂದೆಂಬುದು ಆಗಿನ್ನೂ ನನಗೆ ಗೊತ್ತಿರಲಿಲ್ಲ. ಸ್ಪೀಕರಿನ ವೈರು ಕಳಚಿರಬೇಕೆಂದು ಮೇಜಿನ ಕೆಳಗೆ ನುಸುಳಿದೆ.

ಅಲ್ಲಿಂದಲೇ ಕೇಳಿಸಿತು, ಕುರ್ಚಿ ಸರಿದ ಸದ್ದು, ಮೈಕ್ ಕುಯ್ ಎಂದದ್ದು, ಆಮೇಲೆ ಅತ್ತೆಯ ಸಿಟ್ಟಿನ ದನಿ. "ಅಳಿಯನ ಕೈಯಾಗ ಕೊಟ್ಟಿದ್ದೇ ತಪ್ಪಾತು. ಕೇಳ್ರಿ ಎಲ್ಲಾರೂ.

ಯೇವಲಾಕ ಹೋದ್ರು, ಪೈಠಣಿ ಮರ್ತು ಬಂದ್ರು,
ಚೀಲದ ತುಂಬ ಬದನಿಕಾಯಿ ತಂದ್ರು,
ಎಣ್ಣಿಗಾಯಿ ಮಾಡಿ ಬಡಿಸಿದ್ರ ಭೇಷ್ ಭೇಷ್ ಅಂದ್ರು,
ಅವ್ರೇ ನಮ್ಮ ಮನಿಯವ್ರು, ಶಿವಶರಣಪ್ಪನೋರು."

ಹಾಲ್ ಎದ್ದು ಕುಣಿಯಿತು. ನಾನು ಗಡಬಡಿಸಿ ಎದ್ದು ಮೇಜಿಗೆ ತಲೆ ಬಡಿದುಕೊಂಡೆ. ಹೊರಬರುವಷ್ಟರಲ್ಲಿ ಮಾವ ಶಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ, "ಇನ್ನೊಮ್ಮಿ ಹೇಳು" ಎನ್ನುತ್ತಿದ್ದರು. ಅತ್ತೆ, "ಒಂದೇ ಸಲ ಅಂದೀನಿ" ಎಂದು ಕೂತುಬಿಟ್ಟಿದ್ದರು.

ಇಷ್ಟನ್ನೂ ದೇಶಮುಖ್ ಕಾಕಾ ತಮ್ಮ ಮೊಬೈಲಿನಲ್ಲಿ ಹಿಡಿದಿದ್ದರು. ಈಗ ಬೀದರದ ತನಕ ಎಲ್ಲ ನೆಂಟರ ಬಳಿಯೂ ಅದು ಇದೆ. ಒಂದು ಅಕ್ಷರವೂ ತಪ್ಪದಂತೆ ಕೇಳುತ್ತದೆ. ಚಿತ್ರದ ಎಡ ಮೂಲೆಯಲ್ಲಿ, ಮೇಜಿನ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿಕೊಂಡಿವೆ. ಅವು ನನ್ನವು.

ಮನೆಗೆ ಬಂದ ಮೇಲೆ ಮಹಾದೇವಿಗೆ ಹೇಳಿದೆ, "ನಿನ್ನ ಮೊಬೈಲ್ ಕೊಡು ಇಲ್ಲಿ. ಕಂಪ್ಯೂಟರಿಗೆ ಹಾಕಿ ಆ ಕಾಲಷ್ಟು ಕತ್ತರಿಸಿ ಕೊಡ್ತೀನಿ."

ಅವಳು ಮೊಬೈಲನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು. "ಕಾಲು ಇರ್ಲಿ ಬಿಡ್ರಿ. ಧ್ವನಿ ಅದ."