ಸರಿ ಮಗ ನೀ ಸಾ

ವನಗೂರಿನ ಎಸ್ಟೇಟ್ ರೈಟರ್ ಧರ್ಮನ ಫೋನಿಗೆ ಬೆಳಗಿನ ಕಾಫಿಯ ಹೊತ್ತಿಗೆ ಒಂದು ಮೆಸೇಜು ಬಂತು. ಕಳಿಸಿದವನು ಸಕಲೇಶಪುರದ ಹುಚ್ಚಣ್ಣ. ಇದ್ದದ್ದು ಒಂದೇ ಸಾಲು: "ಸರಿ ಮಗ ನೀ ಸಾ ನೀ ಸಾ."

ಧರ್ಮ ಕಾಫಿ ಲೋಟ ಕೆಳಗಿಟ್ಟ. ಹುಚ್ಚಣ್ಣನಿಗೆ ಸಿಟ್ಟು ಬರಲು ಕಾರಣವಿತ್ತು, ಆ ಕಾರಣವನ್ನು ಧರ್ಮ ಸ್ವಂತ ಕೈಯಿಂದಲೇ ಬರೆದಿದ್ದ.

ಹುಚ್ಚಣ್ಣನ ಅಜ್ಜ ಸುಬ್ಬಯ್ಯನವರು ಹಿಂದೆ ಸಕಲೇಶಪುರದಲ್ಲಿ 'ಗಾನಸುಧಾ ಮುದ್ರಣಾಲಯ' ಕಟ್ಟಿ, ಕೀರ್ತನೆಗಳನ್ನು ಸ್ವರಸಮೇತ ಅಚ್ಚು ಹಾಕಿ ಮೈಸೂರಿನವರೆಗೂ ಹೆಸರಾದವರು. ಸಂಗೀತ ಕಲಿಯುವವರ ಮನೆಯಲ್ಲಿ ಶ್ರುತಿಪೆಟ್ಟಿಗೆ ಇಲ್ಲದಿದ್ದರೂ ಗಾನಸುಧಾದ ಪುಸ್ತಕ ಇರುತ್ತಿತ್ತು. ಈಗ ಆ ಕಟ್ಟಡದಲ್ಲಿ ಹುಚ್ಚಣ್ಣ ಕಾಫಿ ವ್ಯಾಪಾರ ಮಾಡುತ್ತಾನೆ. ಮುದ್ರಣಾಲಯಕ್ಕೆ ನೂರು ತುಂಬಿತೆಂದು ಅದರ ಚರಿತ್ರೆ ಬರೆಸುವ ಹುಕಿ ಬಂದಾಗ ಅವನು ಧರ್ಮನನ್ನು ಹಿಡಿದ. "ಹೆಂಗಿದ್ರೂ ನೀನು ರೈಟರ್ ಅಲ್ವಾ, ಬರಿ" ಎಂದ. ಎಸ್ಟೇಟಿನಲ್ಲಿ ರೈಟರ್ ಎಂದರೆ ಕೂಲಿಯಾಳುಗಳ ಹಾಜರಿ ಬರೆಯುವವನು ಎಂಬುದು ಆ ಕ್ಷಣ ಇಬ್ಬರಿಗೂ ಹೊಳೆಯಲಿಲ್ಲ. ಧರ್ಮ ಭಜನೆಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದದ್ದೂ ಸೇರಿ ಕೆಲಸ ಅವನ ಕೊರಳಿಗೆ ಬಿತ್ತು.

ಚರಿತ್ರೆ ಬರೆಯುವವನು ಸತ್ಯಕ್ಕೆ ಅಂಜಬಾರದೆಂದು ಧರ್ಮನಿಗೆ ಯಾರೋ ಹೇಳಿದ್ದರು. ಹೇಳಿದವರು ಈಗ ಎಲ್ಲಿ ಸುಖವಾಗಿದ್ದಾರೋ! ಸ್ವರಗಳನ್ನು ಅಚ್ಚು ಹಾಕುವಾಗ ಮೇಲಿನ ಸ್ಥಾಯಿ, ಕೆಳಗಿನ ಸ್ಥಾಯಿ ತೋರಿಸಲು ಸ್ವರಕ್ಕೆ ಚುಕ್ಕಿ ಇಡಬೇಕು. ಅಂಥ ಚುಕ್ಕಿಯ ಅಚ್ಚಿನ ಮೊಳೆಗಳನ್ನು ಸುಬ್ಬಯ್ಯನವರು ತಾವು ಕೆಲಸಕ್ಕಿದ್ದ ಮೈಸೂರಿನ ಪ್ರೆಸ್ಸಿನಿಂದ, ಹಲಸಿನಹಣ್ಣಿನ ಮೂಟೆಯೊಳಗೆ ಅಡಗಿಸಿ ಕದ್ದು ತಂದರೆಂದು ಬೆಳಗೋಡಿನ ಮುದುಕರು ಹೇಳಿದರು. ಧರ್ಮ ಬರೆದೇಬಿಟ್ಟ. ಪುಸ್ತಕ ಹಾಸನದಲ್ಲಿ ಅಚ್ಚಾಗಿ ನಿನ್ನೆಯಷ್ಟೇ ಹುಚ್ಚಣ್ಣನ ಕೈ ಸೇರಿತ್ತು.

"ಏನ್ ರೈಟ್ರೇ, ಮುಖ ಹಿಂಗಾಗೈತೆ? ಆನೆ ಬಂತಾ?" ಎಂದಳು ಕಾಫಿಹಣ್ಣು ಕೊಯ್ಯುವ ಹೆಂಗಸರ ಗುಂಪಿನ ಹಿರಿಯಳಾದ ಗಂಗಾಮಣಿ.

"ಆನೆ ಆಗಿದ್ರೆ ಓಡಬಹುದಿತ್ತು" ಎಂದು ಧರ್ಮ ಫೋನು ತೋರಿಸಿದ.

ಗಂಗಾಮಣಿ ಅಕ್ಷರ ಅಕ್ಷರ ಕೂಡಿಸಿ ಓದಿದಳು. "ಇದ್ರಾಗೆ ಹೆದ್ರದೇನೈತೆ? ಸಾ ಅಂದ್ರೆ ಸಾರ್ ಅಂತ. ಮರ್ವಾದೆ ಕೊಟ್ಟವ್ರೆ."

"ನೀ ಅಂದೋನು ಸಾರ್ ಅಂತಾನಾ?" ಎಂದ ಧರ್ಮ.

ಎಸ್ಟೇಟ್ ಜೀಪಿನ ಡ್ರೈವರ್ ಅಬ್ದುಲ್ ರಶೀದ್ ಹೆಗಲ ಮೇಲಿಂದ ಇಣುಕಿದ. "ಸಾಯಿ ಅಂತ ಬರೆಯಕ್ಕೆ ಹೊಂಟವ್ನೆ ಕಣೋ. ಸಿಟ್ಟಲ್ಲಿ 'ಯಿ' ಬುಟ್ಟೋಗೈತೆ. ಅದೂ ಎರಡು ಸಲ!"

"ಸರಿ ಅಂತ ಬೇರೆ ಶುರು ಮಾಡವ್ರೆ" ಎಂದು ಗಂಗಾಮಣಿಯೂ ಪಕ್ಷ ಬದಲಿಸಿದಳು. "ಅಂದ್ರೆ ತೀರ್ಮಾನ ಆಗೋಗೈತೆ."

"ತೂಕದಲ್ಲಿ ಮೋಸ ಮಾಡ್ದ ಅಂತ ಹುಚ್ಚಣ್ಣ ಒಬ್ಬನ್ನ ಕೋವಿ ಹಿಡ್ಕಂಡು ಹೆತ್ತೂರು ತನಕ ಅಟ್ಟಿಸ್ಕೊಂಡು ಹೋಗಿದ್ದನಂತೆ" ಎಂದ ರಶೀದ್.

"ಸಿಕ್ಕಿದ್ನಾ?"

"ಅವತ್ತಿಂದ ಅವನನ್ನ ಯಾರೂ ನೋಡಿಲ್ಲ."

ಅಂಜಿದವನ ಮೇಲೆ ಕಪ್ಪೆ ಎಸೆದ ಹಾಗಾಯಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹುಚ್ಚಣ್ಣನೇ! ಧರ್ಮ ಅದನ್ನು ಕೆಂಡದಂತೆ ಮೇಜಿಗೆ ಹಾಕಿದ. ಉಪಕಾರ ಮಾಡಲು ಸದಾ ಸಿದ್ಧಳಾದ ಗಂಗಾಮಣಿ ಎತ್ತಿಕೊಂಡಳು. "ಅಣ್ಣಾ, ರೈಟ್ರು ಇಲ್ಲೇ ಅವ್ರೆ, ಎಲ್ಲೂ ಓಡೋಗಿಲ್ಲ... ಆಯ್ತಣ್ಣಾ." ಲೈನು ಕಡಿದುಹೋಯಿತು. "ಅಲ್ಲೇ ಇರ್ಲಿ, ನಾನೇ ಬತ್ತಿವ್ನಿ ಅಂದ್ರು" ಎಂದಳು.

ಅಲ್ಲಿಗೆ ಧರ್ಮ ಮೇಜಿನ ಕೆಳಗೆ ತೂರಿಕೊಂಡ. ರಶೀದ್ ಅವನನ್ನು ಎತ್ತಿ ಜೀಪಿನ ಹಿಂದೆ ಮಲಗಿಸಿ, ಮೇಲೆ ಖಾಲಿ ಚೀಲಗಳನ್ನು ಹೊದಿಸಿದ. ಬೆಳಗೋಡಿಗೆ ಮುಟ್ಟಿಸಿದರೆ ಬಸ್ಸು ಹತ್ತಿ ಎಲ್ಲಾದರೂ ಬದುಕಿಕೊಳ್ಳಲಿ ಎಂಬುದು ಯೋಜನೆ. ಜೀಪು ಇಳಿಜಾರಿನಲ್ಲಿ ಎತ್ತಿ ಒಗೆಯುತ್ತಿತ್ತು. ಚೀಲದ ಕತ್ತಲಲ್ಲಿ ಧರ್ಮನಿಗೆ ಹೆಂಡತಿ ಸುಚಿತ್ರಾಳ ನೆನಪಾಗಿ ಅಳು ಬಂತು. ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪಿಲ್ಲವೆಂದು ಅವಳನ್ನು ಬೈದು ಬಂದಿದ್ದ. ಅದೇ ಕೊನೆಯ ಮಾತಾಗಿಬಿಟ್ಟರೆ?

ತಿರುವಿನಲ್ಲಿ ಜೀಪು ಗಕ್ಕನೆ ನಿಂತಿತು. ಎದುರಿಗೆ ಇನ್ನೊಂದು ಜೀಪು. ಒಂದೇ ಗಾಡಿಯ ದಾರಿ.

"ರಶೀದಾ, ರೈಟರ್ ಅವ್ನಾ ಎಸ್ಟೇಟಲ್ಲಿ?" ಹುಚ್ಚಣ್ಣನ ದನಿ.

ಧರ್ಮ ಉಸಿರು ಬಿಗಿಹಿಡಿದ. ಚೀಲದಲ್ಲಿ ಹಿಂದೆ ಕಾಳುಮೆಣಸು ತುಂಬಿದ್ದರು. ಸೀನು ಯಾರಪ್ಪನ ಮಾತು ಕೇಳುತ್ತದೆ?

"ಏನೋ ಅದು, ಚೀಲ ಸೀನ್ತು?"

"ಮೆಣಸಿನ ಚೀಲ ಅಲ್ವಾ ಅಣ್ಣಾ" ಎಂದ ರಶೀದ್.

ಹುಚ್ಚಣ್ಣನ ಹೆಜ್ಜೆಯ ಸದ್ದು ಹತ್ತಿರವಾಯಿತು. ಧರ್ಮನಿಗೆ ತಡೆಯಲಾಗಲಿಲ್ಲ. ಚೀಲ ಕಿತ್ತೆಸೆದು, ಜಿಗಿದು, ಅವನ ಕಾಲಿಗೆ ಬಿದ್ದ. "ತಪ್ಪಾಯ್ತು ಹುಚ್ಚಣ್ಣಾ! ನಿಮ್ಮಜ್ಜ ಅಚ್ಚಿನ ಮೊಳೆ ಕದ್ದು ತಂದ್ರು ಅಂತ ಬರೀಬಾರ್ದಿತ್ತು. ಹಲಸಿನಹಣ್ಣಿನ ವಿಷಯ ಅಂತೂ ಬರೀಲೇಬಾರ್ದಿತ್ತು. ಜೀವ ಒಂದು ಉಳಿಸಿ!"

ಮೇಲಿನಿಂದ ಏಟು ಬೀಳಲಿಲ್ಲ. ಧರ್ಮ ಕಣ್ಣು ಬಿಟ್ಟ. ಹುಚ್ಚಣ್ಣನ ಕೈಯಲ್ಲಿ ಕೋವಿಯಿರಲಿಲ್ಲ, ಜರಿಯ ಶಾಲು ಇತ್ತು.

"ನಿನ್ ಜೀವ ಯಾರಿಗ್ ಬೇಕು ಮಾರಾಯ?"

"ಮತ್ತೆ ಮೆಸೇಜು? ಸರಿ ಮಗ ನೀ ಸಾ?"

"ಅಯ್ಯೋ, ಅದು ಸ್ವರ ಕಣೋ! ಸ, ರಿ, ಮ, ಗ, ನಿ, ಸಾ, ನಿ, ಸಾ. ನಮ್ಮಜ್ಜ ಮೊದಲು ಜೋಡಿಸಿದ್ದ ಮೊಳೆಸಾಲು ಅಟ್ಟದ ಮೇಲೆ ಹಂಗೇ ಸಿಕ್ತು. ಪ್ರೆಸ್ಸಿಗೆ ನೂರು ತುಂಬಿದ ಸಮಾರಂಭದಲ್ಲಿ ನೀನು ಅದನ್ನ ಬಾರಿಸ್ಬೇಕು ಅಂತ ಕಳಿಸ್ದೆ. ನಂಗೆ ಟೈಪ್ ಮಾಡಕ್ಕೆ ಬರಲ್ಲ, ಬಾಯಲ್ಲಿ ಹೇಳ್ದೆ. ಫೋನು ಎಲ್ಲಾ ಸೇರಿಸ್ಬುಡ್ತು."

ರಶೀದ್ ಸ್ಟೇರಿಂಗ್ ಮೇಲೆ ಬಿದ್ದು ನಕ್ಕ. ಧರ್ಮನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಹಂಗಾರೆ ಪುಸ್ತಕ ಓದಿ ನಿಮಗೆ ಬೇಜಾರಾಗಿಲ್ಲ!"

"ಅದ್ನ ಯಾರು ಓದ್ತಾರೆ ಮಾರಾಯ! ರಟ್ಟು ಚೆನ್ನಾಗಿ ಬಂದೈತೆ. ನೆಂಟ್ರಿಗೆಲ್ಲ ಹಂಚ್ಬುಟ್ಟೆ. ನಿಂಗೆ ಶಾಲು ಹೊದಿಸಿ ನಾಲ್ಕು ಕಾಪಿ ಕೊಡಾಣ ಅಂತ..."

ಧರ್ಮ ಕಾಲಿಗೆ ಬಿದ್ದು ಹೇಳಿದ್ದು ಹುಚ್ಚಣ್ಣನಿಗೆ ಆಗ ಹೊಳೆಯಿತು. ಅವನು ಶಾಲನ್ನು ನಿಧಾನವಾಗಿ ಮಡಿಸಿ ಜೀಪಿನೊಳಗಿಟ್ಟ. ರಶೀದ್ ಸದ್ದಿಲ್ಲದೆ ರಿವರ್ಸ್ ಗೇರು ಹಾಕಿದ. ಹುಚ್ಚಣ್ಣ ಒಂದು ಹೊಸ ಪುಸ್ತಕ ತೆಗೆದು, ಕನ್ನಡಕ ಏರಿಸಿಕೊಂಡು ಕೇಳಿದ:

"ಹಲಸಿನಹಣ್ಣು ಯಾವ ಪುಟದಾಗೈತೆ?"